ಮನಿಗಾಡಿಯ ಕೊಂಡಿ

೧೯೮೮ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ತರಗತಿ ಮುಗಿಯುವುದಕ್ಕೆ ಇನ್ನೂ ಸ್ವಲ್ಪ ಬಾಕಿ ಇತ್ತು. ಅದು ಇವತ್ತಿಗೂ ಬಾಕಿಯೇ ಇದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಮ್ಮ ಸೋದರಮಾವನ ವಿಷಯ ಓದಿ, ‘ಈ ಮನೆತನದಲ್ಲಿ ತಲೆ ಸ್ವಲ್ಪ ಸಡಿಲವಿರಬೇಕು’ ಎಂದು ನಿಮಗೆ ಅನ್ನಿಸಿದರೆ, ಅದಕ್ಕೆ ಓದಿನ ಕೊರತೆ ಕಾರಣವಲ್ಲ ಎಂದು ಗೊತ್ತಿರಲಿ. ಮಾವ ಎಸ್ಸೆಸ್ಸೆಲ್ಸಿ ಪಾಸು!

ಮಾವನಿಗೆ ಹುಚ್ಚು ಎನ್ನುವವರು ಸಿರುಗುಪ್ಪದಲ್ಲಿ ಬಹಳ ಮಂದಿ ಇದ್ದಾರೆ. ನಾನು ಒಪ್ಪುವುದಿಲ್ಲ. ಹುಚ್ಚರಿಗೆ ಆಗಾಗ ಬಿಡುವಾದರೂ ಇರುತ್ತದೆ.

ಮಾವ ಸಿರುಗುಪ್ಪದ ರೈಸ್ ಮಿಲ್ಲುಗಳ ಅಕ್ಕಿ ಹೊತ್ತು ಲಾರಿ ಓಡಿಸಿಕೊಂಡು ದೇಶವನ್ನೆಲ್ಲ ಸುತ್ತಿದವರು. ಮದುವೆಯಾದ ಹೊಸದರಲ್ಲಿ ಮಂಗಳೂರಿಗೆ ಲೋಡು ಇಳಿಸಿ ಬಂದು, ಅತ್ತೆಯ ಮುಂದೆ ಸಮುದ್ರದ ವರ್ಣನೆ ಮಾಡಿದರಂತೆ. “ಆ ಕಡಿ ದಂಡಿನಽ ಇಲ್ಲ, ಅಂಥಾ ನೀರು!” ಅತ್ತೆ ಕುರುಗೋಡಿನವರು, ಇಂಥ ಮಾತಿಗೆಲ್ಲ ಬಗ್ಗುವವರಲ್ಲ. “ಡ್ಯಾಮ್ ನಾನೂ ನೋಡೀನ್ರಿ. ಎಷ್ಟ ದೊಡ್ಡ ನೀರಾದ್ರೂ ಆ ಕಡಿ ಒಂದು ದಂಡಿ ಇದ್ದಽ ಇರತೈತಿ. ನಿಮಗ ಕಂಡಿಲ್ಲ ಅಷ್ಟ” ಎಂದುಬಿಟ್ಟರು. ಬೇರೆ ಗಂಡ ಹೆಂಡಿರು ಬಂಗಾರಕ್ಕೆ, ಸೀರೆಗೆ, ಮೈದುನನ ಮದುವೆಗೆ ಜಗಳವಾಡುತ್ತಾರೆ. ಇವರ ಸಂಸಾರ ಪೂರ್ತಿ ಸಮುದ್ರದ ಆ ಕಡೆಯ ದಂಡೆಯ ಮೇಲೆ ನಡೆಯಿತು!

ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದ್ದರೆ ಮುಗಿಯುತ್ತಿತ್ತಲ್ಲ ಎನ್ನುತ್ತೀರಿ. ಲಾರಿ ಓಡಿಸುವಷ್ಟು ಕಾಲ ಮಾವನಿಗೆ ಬಿಡುವಿರಲಿಲ್ಲ, ಲಾರಿ ಕೆಲಸ ಬಿಡುವ ಹೊತ್ತಿಗೆ ಅತ್ತೆಗೆ ಸಕ್ಕರೆ ಕಾಯಿಲೆ ಬಂತು. ಇನ್ಸುಲಿನ್ ಬಂತು. ಪೆನ್ನಿನಂಥ ಸೂಜಿಯನ್ನು ಮುಷ್ಟಿಯಲ್ಲಿ ಹಿಡಿದು ತಾವೇ ಚುಚ್ಚಿಕೊಳ್ಳುತ್ತಾರೆ, ಯಾರನ್ನೂ ಕರೆಯುವುದಿಲ್ಲ. ಆದರೆ ಮದ್ದನ್ನು ತಂಪಾಗಿ ಇಡಬೇಕು. ನಮ್ಮ ಬಳ್ಳಾರಿ ಬಿಸಿಲಿಗೆ ಮನುಷ್ಯರೇ ಕೆಟ್ಟುಹೋಗುತ್ತೇವೆ, ಮದ್ದು ಉಳಿದೀತೆ? ಹೀಗಾಗಿ ಅತ್ತೆಯ ಪ್ರಪಂಚ ಸಿರುಗುಪ್ಪದ ಮನೆಯ ಫ್ರಿಜ್ಜಿನಿಂದ ಕುರುಗೋಡಿನ ತವರಿನ ಫ್ರಿಜ್ಜಿನವರೆಗೆ, ಅಷ್ಟೇ.

ಆಗ ಮಾವ ಒಂದು ಗಾಡಿ ತಂದರು.

ಗೋವಾದಲ್ಲಿ ಯಾರೋ ಹಳೆಯ ವ್ಯಾನಿನೊಳಗೆ ಮಂಚ, ಒಲೆ, ನೀರಿನ ತೊಟ್ಟಿ, ಬ್ಯಾಟರಿಯ ಮೇಲೆ ನಡೆಯುವ ಪುಟ್ಟ ಫ್ರಿಜ್ಜು ಎಲ್ಲ ಕೂಡಿಸಿಕೊಂಡು ತಿರುಗಿ, ಬೇಸತ್ತು ಮಾರಿದ್ದು. ಕ್ಯಾಂಪರ್ ವ್ಯಾನ್ ಅನ್ನುತ್ತಾರಂತೆ. ಮಾವ ಅದಕ್ಕೆ ‘ಮನಿಗಾಡಿ’ ಎಂದು ನಾಮಕರಣ ಮಾಡಿ, ಮುಂದುಗಡೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಊರು ನಕ್ಕಿತು. “ಮನಿ ಇದ್ದಾಂವ ಗಾಡಿ ತಗೊಂತಾನ, ಗಾಡಿ ಇದ್ದಾಂವ ಮನಿ ಕಟ್ಟಸ್ತಾನ. ಇವ ಎರಡೂ ಕೂಡಿಸಿ ಕೆಡಿಸ್ಯಾನ!”

ಮೊದಲ ಪ್ರಯಾಣ ಕುರುಗೋಡಿಗೆ. ನಾನೂ ಇದ್ದೆ. ಮೊದಲ ತಿರುವಿನಲ್ಲೇ ಫ್ರಿಜ್ಜಿನ ಬಾಗಿಲು ತನ್ನಷ್ಟಕ್ಕೆ ತಾನೇ ತೆರೆದುಕೊಂಡು, ಮಜ್ಜಿಗೆ ಪಾತ್ರೆ, ಬದನೆಕಾಯಿ, ಅತ್ತೆಯ ಸೂಜಿಯ ಪೆನ್ನು ಎಲ್ಲ ಕೆಳಗೆ! ಪೆನ್ನು ಒಡೆಯಿತು. ಬಾಗಿಲ ಕೊಂಡಿ ಎರಡು ತುಂಡಾಗಿ ಬಿದ್ದಿತ್ತು. ಅದರ ಸ್ಪ್ರಿಂಗು ಯಾವ ಗದ್ದೆಗೆ ಹಾರಿತೋ ದೇವರಿಗೇ ಗೊತ್ತು. ಅತ್ತೆ ಗಾಡಿ ನಿಲ್ಲಿಸಲು ಹೇಳಿ ಇಳಿದರು.

“ಈ ಬಾಗ್ಲ ನಿಂದ್ರೋತನಕ ನಾ ಇದರಾಗ ಕಾಲಿಡೂದಿಲ್ಲ. ನಿಮ್ಮ ಸಮುದ್ರಕ್ಕ ನೀವಽ ಹೋಗ್ರಿ.”

ಎದುರಿಗೆ ಬಂದ ಬಸ್ಸಿಗೆ ಕೈ ಮಾಡಿ ಹತ್ತಿ ವಾಪಸ್ ಮನೆಗೇ ಹೋದರು.

ಆ ಸಂಜೆ ಅವರ ಸಿರುಗುಪ್ಪದ ಮನೆಯಲ್ಲಿ ಚಹಾ ಕುಡಿಯುತ್ತ ನಾನು ಹೇಳಿದೆ: “ಮಾವಾ, ಒಂದು ಹಗ್ಗ ಕಟ್ಟಿಬಿಡ್ರಿ, ಮುಗೀತು.”

“ಹಗ್ಗ ಕಟ್ಟಾಕ ಅದೇನು ಎಮ್ಮಿಯೇನಲೇ ಅಳಿಯಾ?”

“ಹಂಗಾರ ಒಂದು ಚಿಲಕ ಹೊಡಸ್ರಿ.”

“ಚಿಲಕ ಹಾಕಾಕ ಅದೇನು ಬಚ್ಚಲಮನಿಯೇನು?”

ಅತ್ತೆಯೋ, ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದು ಚಹಾ ಕುಡಿಯುತ್ತಿದ್ದರು. ಚಳಿಯಿಲ್ಲದ ಊರಲ್ಲಿ ಹೀಗೇಕೆ ಹಿಡಿಯುತ್ತಾರೆ ಎಂದು ಒಂದು ಕ್ಷಣ ಅನ್ನಿಸಿತು, ಅಷ್ಟಕ್ಕೇ ಮರೆತೆ.

ಹೀಗೆ ಶುರುವಾಯಿತು ಕೊಂಡಿಯ ಶೋಧ. ಬೇರೆ ಯಾರಾದರೂ ಆಗಿದ್ದರೆ ಬೆರಳುದ್ದದ ಆ ಎರಡು ತುಂಡುಗಳನ್ನು ಜೇಬಿನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದರು. ನಮ್ಮ ಮಾವ ಫ್ರಿಜ್ಜಿನ ಬಾಗಿಲನ್ನೇ ಬಿಚ್ಚಿ, ತಲೆಯ ಮೇಲಿಟ್ಟುಕೊಂಡು ಬಳ್ಳಾರಿ ಬಸ್ಸು ಹತ್ತಿದರು! ಕಂಡಕ್ಟರು ನೋಡಿ, “ಯಜಮಾನ್ರ, ಉಳಿದ ಫ್ರಿಜ್ಜು ಹಿಂದಿನ ಬಸ್ಸಿಗೆ ಬರತೈತೇನ್ರಿ?” ಎಂದನಂತೆ. ಮಾವ ಗಂಭೀರವಾಗಿ, “ಇಲ್ಲಪ, ಅದು ಮನ್ಯಾಗ ಬಾಯಿ ತಕ್ಕೊಂಡು ಕುಂತೈತಿ” ಎಂದರಂತೆ.

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಜೀನ್ಸ್ ಹೊಲಿಯುವ ಯೂನಿಟ್ಟಿದೆ. ಆ ದಿನ ಕೆಲಸ ಬಿಟ್ಟು ಮಾವನ ಜೊತೆ ನನಗೆ ಪರಿಚಯವಿದ್ದ ಗುಜರಿ ಚಾಚಾನ ಬಳಿ ಹೋದೆ. ಚಾಚಾನ ಅಂಗಡಿಯಲ್ಲಿ ಸತ್ತ ಫ್ರಿಜ್ಜುಗಳ ಒಂದು ಗುಡ್ಡವೇ ಇದೆ. ಪುಣ್ಯಾತ್ಮ ಡಬ್ಬಿ ತುಂಬ ಕೊಂಡಿಗಳನ್ನು ಸುರಿದ. ಮಾವ ಒಂದೊಂದನ್ನೇ ಬಾಗಿಲಿಗೆ ಹಿಡಿದು, ಕೈ ಮುಷ್ಟಿ ಮಾಡಿ, ಮುಷ್ಟಿಯಿಂದ ಒತ್ತಿ ನೋಡತೊಡಗಿದರು. ಬೆರಳಿನಿಂದ ಎತ್ತಿದರೆ ಚಂದ ತೆರೆಯುವ ಕೊಂಡಿಗಳು ಮುಷ್ಟಿಗೆ ಜಗ್ಗಲೇ ಇಲ್ಲ.

“ಬೆರಳಿಲೆ ಎತ್ರಿ ಮಾವ, ಆ ಸಣ್ಣ ನಾಲಿಗಿ ಐತಲ್ಲ ಅದನ್ನ!”

“ನನಗ ಬೆರಳದಾವು ಅಂತ ನನಗ ಗೊತ್ತೈತಿ, ಸುಮ್ಕಿರು.”

ಚಾಚಾ ನನ್ನ ಕಿವಿಯಲ್ಲಿ, “ಭಾಯ್, ಇವರಿಗೆ ಕೊಂಡಿ ಬ್ಯಾಡ, ಡಾಕ್ಟ್ರು ಬೇಕು” ಎಂದ. ಚಹಾ ಮಾತ್ರ ತರಿಸಿಕೊಟ್ಟ.

ಮುಂದಿನ ದಂಡಯಾತ್ರೆ ಕುರುಗೋಡಿಗೆ, ಮತ್ತೆ ಬಾಗಿಲು ತಲೆಯ ಮೇಲೆ. ಅಲ್ಲಿನ ಫ್ರಿಜ್ ಮೆಕ್ಯಾನಿಕ್ಕು ಗಟ್ಟಿ ಮನುಷ್ಯ, ಸ್ಟೀಲಿನದೊಂದು ಲಾಕು ಕೂರಿಸಿಯೇ ಬಿಟ್ಟ. ಆನೆ ಎಳೆದರೂ ತೆರೆಯದು! ಮಾವ ಮುಷ್ಟಿ ಮಾಡಿ ಒಂದು ಒತ್ತಿದರು. ಇನ್ನೊಂದು ಒತ್ತಿದರು. ಮೂರನೆಯದು ಸ್ವಲ್ಪ ಜೋರಾಗಿಯೇ ಬಿತ್ತು.

“ಯಜಮಾನ್ರ,” ಎಂದ ಮೆಕ್ಯಾನಿಕ್ಕು, “ರಿಪೇರಿ ಮಾಡಸಾಕ ಬಂದೀರೋ, ಕುಸ್ತಿ ಆಡಾಕ ಬಂದೀರೋ?”

ಲಾಕು ಅವನಿಗೇ ಉಳಿಯಿತು. ಅತ್ತೆಯ ತವರಿನ ಓಣಿಯಲ್ಲಿ ಮಾವನ ಮಾನ ಮಾತ್ರ ಉಳಿಯಲಿಲ್ಲ.

ಇನ್ನು ನಾನೇ ಕೈ ಹಾಕಬೇಕಾಯಿತು. ಫೋನಿನಲ್ಲಿ ಚಿತ್ರ ಹುಡುಕಿ ಹುಡುಕಿ, ಥೇಟ್ ಅದೇ ಜಾತಿಯ ಕೊಂಡಿಯನ್ನು ಯಾವುದೋ ದೇಶದಿಂದ ತರಿಸಿದೆ. ಬಂದದ್ದು ಎಡಗೈ ಬಾಗಿಲಿನದು! ನಮ್ಮದು ಬಲಗೈ. ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ. ಮಾವ ಕುಳಿತುಕೊಳ್ಳುವ ಪೈಕಿಯೇ?

“ಅಳಿಯಾ, ಬಾಗ್ಲ ತಲಿಕೆಳಗ ಮಾಡಿದ್ರ ಎಡ ಹೋಗಿ ಬಲ ಆಗತೈತಲ್ಲ?”

ಆಗುತ್ತದೆ, ಯಾಕಾಗುವುದಿಲ್ಲ? ತಲೆಕೆಳಗು ಮಾಡಿ ಕೂರಿಸಿದೆವು. ಕೊಂಡಿ ಟಕ್ಕನೆ ಬಿತ್ತು, ಬಾಗಿಲು ನಿಂತಿತು. ನಾವಿಬ್ಬರೂ ಅಪ್ಪಿಕೊಂಡೆವು. ಆಮೇಲೆ ತೆರೆದು ನೋಡಿದರೆ, ಬಾಗಿಲಿನ ಒಳಗಿರುವ ಗೂಡುಗಳೂ ತಲೆಕೆಳಗಾಗಿದ್ದವು. ಬಾಗಿಲು ನಿಂತಿತ್ತು, ಒಳಗೆ ಇಟ್ಟದ್ದು ಒಂದೂ ನಿಂತಿರಲಿಲ್ಲ! ಮೇಲಾಗಿ ಆ ಪರದೇಶಿ ಕೊಂಡಿಯೂ ಮುಷ್ಟಿ ಪರೀಕ್ಷೆಯಲ್ಲಿ ಫೇಲು.

ಅತ್ತೆ ಅಂಗಳದಲ್ಲಿ ಗಾಡಿಯ ಪಕ್ಕ ನಿಂತು ನೋಡುತ್ತಿದ್ದರು. “ಆತೇನ್ರಿ?”

“ಆಗಾಕ ಬಂದೈತಿ” ಎಂದರು ಮಾವ.

“ಸಮುದ್ರಕ್ಕ ಆ ಕಡಿ ದಂಡಿ ಇಲ್ಲ ಅಂದ್ರಿ. ನಿಮ್ಮ ರಿಪೇರಿಗೂ ಇಲ್ಲ ನೋಡ್ರಿ.”

ನಗುತ್ತಲೇ ಅಂದರು. ಆದರೆ ಮನೆಯೊಳಗೆ ಹೋಗುವಾಗ ಮನಿಗಾಡಿಯ ತೆರೆದ ಕಿಟಕಿಯ ಪರದೆಯನ್ನು ಹೊರಗಿನಿಂದಲೇ ಒಮ್ಮೆ ಸವರಿ ಹೋದರು. ಆ ಪರದೆಗಳಿಗೆ ಬಟ್ಟೆ ಆರಿಸಿದ್ದು ಅವರೇ. ಹೋಗುವ ಆಸೆ ಇಲ್ಲದವರು ಪರದೆಗೆ ಬಟ್ಟೆ ಆರಿಸುತ್ತಾರೆಯೇ? ನನಗೆ ಹಟ ಹುಟ್ಟಿದ್ದು ಆವಾಗ.

ನಾನು ಹೊಲಿಗೆ ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ. ಹಳೆಯ ಪ್ಯಾಂಟೊಂದನ್ನು ಬಿಚ್ಚಿ, ತುಂಡು ತುಂಡು ಮಾಡಿ, ಒಂದೊಂದನ್ನೂ ರಟ್ಟಿನ ಮೇಲಿಟ್ಟು ಗೆರೆ ಎಳೆದು ಕಲಿತೆ. ಬಳ್ಳಾರಿಯ ಅರ್ಧ ಜೀನ್ಸು ಹುಟ್ಟಿದ್ದೇ ಹೀಗೆ. ಪ್ಯಾಂಟಿಗೆ ಆಗುವುದು ಕೊಂಡಿಗೆ ಆಗುವುದಿಲ್ಲವೇ? ಮುರಿದ ಆ ಎರಡು ತುಂಡುಗಳನ್ನು ಕೂಡಿಸಿ ರಟ್ಟಿನ ಮೇಲೆ ಗೆರೆ ಎಳೆದೆ. ಕಟಿಂಗ್‌ನಲ್ಲಿ ಉಳಿದ ಜೀನ್ಸ್ ಚಿಂದಿಯನ್ನು ಅದೇ ಅಳತೆಗೆ ಕತ್ತರಿಸಿ, ಪದರದ ಮೇಲೆ ಪದರ ಇಟ್ಟು, ಎರಡು ಟ್ಯೂಬು ಕಲಸಿ ಹಚ್ಚುವ ಗಟ್ಟಿ ಗೋಂದು ಕುಡಿಸಿದೆ. ಅದು ಆರುವವರೆಗೆ ಬಿಗಿಯಾಗಿ ಒತ್ತಿಡಬೇಕು. ಯಾವುದರಿಂದ?

“ಗಾಡಿ ಐತಲ್ಲ!” ಎಂದರು, ಮನಿಗಾಡಿಯನ್ನೇ ಬಳ್ಳಾರಿಯ ನನ್ನ ಯೂನಿಟ್ಟಿಗೆ ತಂದಿದ್ದ ಮಾವ. ಎರಡು ಹಲಗೆಗಳ ನಡುವೆ ಚಿಂದಿ ಇಟ್ಟು, ಅದರ ಮೇಲೆ ಮನಿಗಾಡಿಯ ಚಕ್ರ ಹತ್ತಿಸಿ ನಿಲ್ಲಿಸಿದರು. ತನ್ನ ಕೊಂಡಿಗೆ ತಾನೇ ಕಾವು ಕೂತ ಗಾಡಿಯನ್ನು ನಾನು ಮೊದಲ ಸಲ ನೋಡಿದ್ದು!

ಮರುದಿನ ಚಕ್ರ ಇಳಿಸಿ ತೆಗೆದರೆ, ಬಟ್ಟೆ ಎಂದು ಹೇಳಿದರೆ ಯಾರೂ ನಂಬಲಾರರು. ಕಲ್ಲು! ಬಡಿದರೆ ಟಣ್ ಎನ್ನುವ ನೀಲಿ ಕಲ್ಲು. ಆದರೆ ಬಾಗಿಲಿಗೆ ಹಿಡಿದು ನೋಡಿದರೆ, ಎಲ್ಲ ಕಡೆಯಿಂದ ದೊಡ್ಡದು! ಯಾಕೆಂದು ಹೊಳೆದ ಕೂಡಲೇ ನಾಚಿಕೆಯಾಯಿತು. ಕೈಯ ಅಭ್ಯಾಸ ನೋಡಿ: ಗೆರೆಯ ಮೇಲೆ ಕತ್ತರಿಸುವ ಬದಲು, ಸುತ್ತಲೂ ಹೊಲಿಗೆಗೆ ಅರ್ಧ ಇಂಚು ಬಿಟ್ಟುಕೊಂಡು ಕತ್ತರಿಸಿದ್ದೆ! ಫ್ರಿಜ್ಜಿನ ಕೊಂಡಿಗೆ ಹೊಲಿಗೆಯ ಮಡಿಕೆ! ಇಷ್ಟು ವರ್ಷದ ಕಟಿಂಗ್ ಮಾಸ್ಟರು ಎಂಬ ಹೆಮ್ಮೆಯೆಲ್ಲ ಅಲ್ಲೇ ಉದುರಿತು.

ಸುಮ್ಮನೆ ಅರ ತೆಗೆದುಕೊಂಡು ಉಜ್ಜಲು ಕುಳಿತೆ. ಕೊಕ್ಕೆಯ ಕಡೆಯನ್ನು ಉಜ್ಜಿ ಉಜ್ಜಿ ಸರಿಮಾಡಿದೆ. ಒಂದು ಹೊಲಿಗೆ ಯಂತ್ರದ ಪಾದದ ಸ್ಪ್ರಿಂಗು ಕಿತ್ತು ಹಾಕಿದೆ. ತಿರುಗುವ ಮೊಳೆಯ ಜಾಗಕ್ಕೆ ಜೀನ್ಸ್ ಜೇಬಿನ ತಾಮ್ರದ ರಿವೆಟ್ಟು ಜಡಿದೆ. ಇನ್ನು ಉಳಿದದ್ದು ಒತ್ತುವ ನಾಲಿಗೆ. ಅದು ಹೆಬ್ಬೆರಳಿನ ಉಗುರಿನಷ್ಟಿರಬೇಕಾದದ್ದು ದೋಸೆ ಸೌಟಿನಷ್ಟು ಅಗಲ ಇತ್ತು. ಅರ ಹಚ್ಚಿದೆ.

“ಏಯ್, ಮುಟ್ಟಬ್ಯಾಡ ಅದನ್ನ!”

ಮಾವ ಕೂಗಿದ ಕೂಗಿಗೆ ಯೂನಿಟ್ಟಿನ ಯಂತ್ರಗಳೆಲ್ಲ ನಿಂತವು. ಅವರು ಬಂದು ಮುಷ್ಟಿ ಮಾಡಿ ಆ ಅಗಲ ನಾಲಿಗೆಯ ಮೇಲೆ ಮೆತ್ತಗೆ ಇಟ್ಟರು. ಟಕ್. ತೆರೆಯಿತು. ಮುಚ್ಚಿದರು. ಟಕ್. ಮತ್ತೆ ತೆರೆದರು. ಅವರ ಮುಖ ನೋಡಬೇಕಿತ್ತು! ಲಾರಿ ಲೈಸೆನ್ಸು ಸಿಕ್ಕ ದಿನವೂ ಅಷ್ಟು ಅರಳಿರಲಿಕ್ಕಿಲ್ಲ.

“ಲೇ ಅಳಿಯಾ, ನೀ ಸಾಲಿ ಬಿಟ್ಟಿದ್ದಽ ಚೊಲೋ ಆತಲೇ! ಓದಿದ್ರ ಅಳತಿ ಪ್ರಕಾರ ಮಾಡಿ ಕೆಡಿಸ್ತಿದ್ದಿ!”

ಮರುದಿನವೇ ಸಿರುಗುಪ್ಪದಲ್ಲಿ ಪರೀಕ್ಷೆ. ತುಂಬಿದ ಮಜ್ಜಿಗೆ ಪಾತ್ರೆ ಒಳಗಿಟ್ಟು, ಊರಿನ ರಸ್ತೆ ಹಂಪುಗಳ ಮೇಲೆಲ್ಲ ಮಾವ ಬೇಕೆಂದೇ ಗಾಡಿ ಹಾರಿಸಿದರು. ನನ್ನ ತಲೆ ಛತ್ತಿಗೆ ಬಡಿಯಿತು, ಹಲ್ಲು ಕಟಕಟ ಅಂದವು, ಬಾಗಿಲು ಮಾತ್ರ ಅಲ್ಲಾಡಲಿಲ್ಲ. ಒಂದು ಹನಿ ಮಜ್ಜಿಗೆ ಹೊರಗೆ ಬರಲಿಲ್ಲ. ಮನೆ ಮುಂದೆ ಗಾಡಿ ನಿಲ್ಲಿಸಿ ಮಾವ ಹಾರ್ನು ಒತ್ತಿದ್ದೇ ಒತ್ತಿದ್ದು. ನಕ್ಕಿದ್ದ ಓಣಿಯ ಜನವೆಲ್ಲ ಸೇರಿತು.

ಅತ್ತೆ ಹತ್ತಿದರು. ಫ್ರಿಜ್ಜಿನ ಮುಂದೆ ನಿಂತು ಒಂದು ಕ್ಷಣ ತಡೆದು, ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿ, ನಾಲಿಗೆಯ ಮೇಲೆ ಇಟ್ಟರು. ಟಕ್.

ಚಾಚಾನ ಡಬ್ಬಿಯಿಂದ ಕುರುಗೋಡಿನ ಲಾಕಿನವರೆಗೆ ಆ ಮುಷ್ಟಿಗೆ ನಾವೆಷ್ಟು ಮಂದಿ ನಕ್ಕಿದ್ದೆವು! ನಾನು ಮಾವನ ಕಡೆ ನೋಡಿದೆ. ಅವರು ಸ್ಟೇರಿಂಗಿನ ಕಡೆ ನೋಡುತ್ತ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು:

“ಸಕ್ಕರಿ ಬ್ಯಾನಿ ಬೆರಳಿಗೆ ಬಂದೈತಿ ಅಕಿಗೆ. ತುದಿ ಜೋಮು ಹಿಡದು ಏನೂ ತಿಳಿಯಂಗಿಲ್ಲ. ಹಗ್ಗ ಬಿಚ್ಚಾಕ ಬರಂಗಿಲ್ಲ, ಚಿಲಕ ತಗಿಯಾಕ ಬರಂಗಿಲ್ಲ. ನಾ ಲಾರಿ ಮ್ಯಾಲಿದ್ದಾಗ ಮನಿ ಬಾಗ್ಲ ಎಲ್ಲಾ ತಾನಽ ತಗದಾಳ, ತಾನಽ ಹಾಕ್ಯಾಳ. ಈಗ ತನ್ನ ಮದ್ದು ತಗೊಳ್ಳಾಕ ನನ್ನ ಕರೀಬೇಕೇನು?”

ಹಿಂದಿನಿಂದ ಅತ್ತೆ ಕೂಗಿದರು: “ಏನ್ ಮಾತಾಡಕೋಂತ ಕುಂತ್ರಿ? ಸಮುದ್ರ ಏನು ಇಲ್ಲಿಗೆ ಬರತೈತೇನು? ನಡೀರಿ!”

ನಾನು ಇಳಿದೆ, ಅವರಿಬ್ಬರೂ ಹೋದರು. ಕಾರವಾರದಿಂದ ಅತ್ತೆಯ ಫೋನು ಬಂತು. ಮೊದಲು ಬರೀ ಗಾಳಿಯ ಸದ್ದು. ಆಮೇಲೆ ಅತ್ತೆಯ ಧ್ವನಿ, ಸ್ವಲ್ಪ ಒದ್ದೆಯಾಗಿತ್ತು.

“ಕೊಂಡಿ ಬಿಚ್ಚಲಿಲ್ಲಪ. ಮದ್ದು ತಂಪಗೈತಿ. ನಿಮ್ಮ ಮಾವ ಖರೇನ ಹೇಳಿದ್ರು ನೋಡು. ಆ ಕಡಿ ದಂಡಿ ಇಲ್ಲ.”

೧೯೮೮ರಲ್ಲಿ ಶಾಲೆ ಬಿಟ್ಟವನ ಹತ್ತಿರ ಈಗ ಇರುವುದು ಇಷ್ಟು: ಸ್ವಂತದ ಎರಡು ಕೋಣೆಯ ಮನೆ, ಒಂದು ಕಟಿಂಗ್ ಟೇಬಲ್ಲು, ಹನ್ನೊಂದು ನಡೆಯುವ ಹೊಲಿಗೆ ಯಂತ್ರ, ಸ್ಪ್ರಿಂಗಿಲ್ಲದೆ ನಿಂತ ಒಂದು ಯಂತ್ರ, ಅತ್ತೆ ತಂದುಕೊಟ್ಟ ಒಂದು ಶಂಖ, ಒಬ್ಬ ಮಾವ.