ಗಲಗಲಿ ಮಾಸ್ತರರ ದಂತಾಕರ್ಷಕ

ಮಗಳ ಮದುವೆಯ ದಿನ ಬೆಳಿಗ್ಗೆ ಗಲಗಲಿ ಮಾಸ್ತರರು ನನ್ನನ್ನು ಅವಸರದಿಂದ ಕರೆಸಿಕೊಂಡರು. ಪಕ್ಕದ ಮನೆಯವನೆಂಬ ಗೌರವಕ್ಕಲ್ಲ, ಕಾರು ತಳ್ಳುವುದಕ್ಕೆ! ಧಾರವಾಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಅವರು ಹೊಸ ಹೊಸ ಯಂತ್ರ ಕಟ್ಟುವುದನ್ನೂ, ನಾನು ನನ್ನ ಕಿಟಕಿಗೆ ಹೊಸ ಹೊಸ ಗಾಜು ಹಾಕಿಸುವುದನ್ನೂ ರೂಢಿ ಮಾಡಿಕೊಂಡಿದ್ದೇವೆ.

ಅಂಗಳದಲ್ಲಿ ಅವರ ತಂದೆಯ ಕಾಲದ ಕಪ್ಪು ಕಾರು ಚೆಂಡುಹೂ ಹೊತ್ತು ನಿಂತಿತ್ತು. "ಅಜ್ಜನ ಕಾರಿನ್ಯಾಗ ಹೋಗಿ ಇಳಿತೀನಿ" ಎಂದು ಹಟ ಹಿಡಿದಿದ್ದ ಮಗಳು ವೈದೇಹಿ ರೇಷ್ಮೆ ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಬೆವರುತ್ತಿದ್ದಳು. ಮಾಸ್ತರರು ಕೀಲಿ ತಿರುವಿದರು. ಗಿರ್ರ್ರ್... ಎಂಜಿನ್ ಮಾತ್ರ ಮಿಸುಕಲಿಲ್ಲ.

"ಬ್ಯಾಟರಿ ಛಲೋ ಅದ, ಸ್ಟಾರ್ಟರ್ ಮೋಟರೂ ತಿರಗ್ತದ. ಆದರ ಅದರ ಸಣ್ಣ ಹಲ್ಲಿನ ಚಕ್ರ ಮುಂದ ಜಿಗಿದು ಎಂಜಿನ್ನಿನ ದೊಡ್ಡ ಚಕ್ರಕ್ಕ ಕಚ್ಚವಲ್ಲದು!" ಎಂದರು ಸಂಭ್ರಮದಿಂದ. ಮಗಳ ಮುಹೂರ್ತ ತಪ್ಪುವ ಹೊತ್ತಿನಲ್ಲಿ ಇಷ್ಟು ಸಂತೋಷಪಟ್ಟ ತಂದೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಏನ್ರೀ, ಮೆಕ್ಯಾನಿಕ್‌ನ ಕರೀರಿ. ಬಿಚ್ಚಿ, ಒರಸಿ, ಎಣ್ಣಿ ಬಿಟ್ಟು ಕೊಡ್ತಾನ" ಎಂದರು ಹೆಂಡತಿ ಕುಮುದಾಬಾಯಿ.

"ಎಣ್ಣಿ ಬಿಡಲಿಕ್ಕೆ ಅದೇನು ನಿನ್ನ ತಲಿ ಏನ? ನನ್ನ ಹತ್ರ ವಿಜ್ಞಾನ ಅದ!"

ಒಳಗಿನಿಂದ ಹಳೆಯ ರೇಡಿಯೊ ಪೆಟ್ಟಿಗೆಯೊಂದನ್ನು ಹೊತ್ತು ತಂದು ಮುಂದಿನ ಸೀಟಿನಲ್ಲಿಟ್ಟರು. ಅದರ ನೆತ್ತಿಯಲ್ಲಿ ತಾಮ್ರದ ಸುರುಳಿ.

"ದಂತಾಕರ್ಷಕ! ಇದರ ಅಲೆ ಬಿದ್ದರ ಹಲ್ಲಿದ್ದದ್ದು ತಾನಾಗೇ ಹೋಗಿ ಇನ್ನೊಂದು ಹಲ್ಲಿಗೆ ಕಚ್ಚಿಕೋತದ!"

"ಬಿಡಿಸೋದು ಹೆಂಗ್ರೀ?" ಎಂದೆ.

"ಮೊದಲ ಕಚ್ಚಲಿ, ರಾಯರ! ಬಿಡಿಸೂದು ಮುಂದಿನ ಸಂಶೋಧನಾ."

ಗುಂಡಿ ಒತ್ತಿದರು. ಮೊದಲು ವೈದೇಹಿಯ ಮುಡಿಯಿಂದ ಬಾಚಣಿಗೆ ಹಾರಿತು. ಆಮೇಲೆ ಅಡುಗೆಮನೆಯಿಂದ ತುರಿಮಣೆ ತೆವಳುತ್ತ ಬಂದು ಬಂಪರಿಗೆ ಅಂಟಿಕೊಂಡಿತು. "ಅಯ್ಯೋ, ನನ್ನ ತುರಿಮಣಿ!" ಎಂದು ಕುಮುದಾಬಾಯಿ ಕೂಗುವಷ್ಟರಲ್ಲಿ ನನ್ನ ಸೈಕಲ್ಲು ಕಾಂಪೌಂಡು ಹಾರಿ ಬಂದು ಅದಕ್ಕೆ ಕಚ್ಚಿತು. ಕಟ್ಟಕಡೆಗೆ ಕಾರಿನೊಳಗಿನ ಸಣ್ಣ ಚಕ್ರಕ್ಕೂ ಮನಸ್ಸಾಯಿತು. ಢರ್ರ್ರ್!

"ಹತ್ತಿತು! ಕೂಡ್ರಿ, ಕೂಡ್ರಿ!"

ಕೂತೆವು. ಕಾರು ಹೊರಟಿತು, ಬ್ರೇಕು ಹಿಡಿಯಲಿಲ್ಲ. ದಾರಿಯಲ್ಲಿ ಸೈಕಲ್ ಅಂಗಡಿಯ ಚೈನುಗಳು, ಬಡಗಿಯ ಗರಗಸ ಎಲ್ಲವೂ ಬೀಗರಂತೆ ಬಂದು ಸೇರಿಕೊಂಡವು. ಸರ್ಕಲ್ಲಿನಲ್ಲಿ ಕಬ್ಬಿನ ಹಾಲಿನ ಗಾಡಿ ತನ್ನ ಹಲ್ಲಿನ ಚಕ್ರಗಳ ಸಮೇತ ಧಡಾರನೆ ಅಂಟಿಕೊಂಡಿತು. ಅದರ ಮಾಲೀಕ ಪಕ್ಕದಲ್ಲೇ ಓಡುತ್ತ, "ನನ್ನ ಗಾಡಿ ಬಿಡ್ರೀ, ಯಪ್ಪಾ!" ಎಂದು ಅಂಗಲಾಚಿದ.

"ಬಿಡವಲ್ಲದೋ ತಮ್ಮಾ! ಅದೇ ಇದರ ವಿಶೇಷ!" ಎಂದರು ಮಾಸ್ತರರು.

ನನ್ನ ಪ್ಯಾಂಟಿನ ಜಿಪ್ಪೂ ಹೊರಡುವ ಸೂಚನೆ ಕೊಟ್ಟಿದ್ದರಿಂದ ದಾರಿಯುದ್ದಕ್ಕೂ ನನ್ನ ಎರಡೂ ಕೈ ಅಲ್ಲಿಯೇ ಇದ್ದವು.

"ಅಪ್ಪಾ, ಕಲ್ಯಾಣಮಂಟಪ ಬಂತು! ನಿಲ್ಲಸು!" ಎಂದು ವೈದೇಹಿ ಚೀರಿದಳು. ನಿಲ್ಲಿಸುವುದೂ ಮುಂದಿನ ಸಂಶೋಧನೆಯಾಗಿತ್ತು.

ಬಾಗಿಲಲ್ಲಿ ವರನ ಅಜ್ಜ ಬಿಂದೂರಾಯರು ನಿಂತಿದ್ದರು. ಬೀಗರ ತಪ್ಪು ಹುಡುಕುವುದಕ್ಕೆಂದೇ ಬೇಗ ಎದ್ದವರು. ನಮ್ಮ ಮೆರವಣಿಗೆ ಕಂಡದ್ದೇ ಕೋಲು ಎತ್ತಿ ಬಾಯಿ ತೆರೆದರು.

"ಇದೇನು ದಿಬ್ಬಣನೋ, ಗುಜರಿನೋ? ಈ ಲಗ್ನ ನಾ ನಡಸಲಿಕ್ಕೆ ಬಿ—"

ಅಷ್ಟೇ! ಅವರ ಕಟ್ಟಿಸಿದ ಹಲ್ಲಿನ ಎರಡೂ ಸೆಟ್ಟು ಬಾಯಿಂದ ಜಿಗಿದು, ಗಾಳಿಯಲ್ಲಿ ಒಮ್ಮೆ ನಕ್ಕು, ಕಾರಿನ ಜಾಲರಿಯೊಳಗೆ ನುಗ್ಗಿದವು. ಕಟಕ್! ಎಂಜಿನ್ ಕೆಮ್ಮಿ, ಮೆಟ್ಟಿಲಿಗೆ ಗೇಣು ದೂರದಲ್ಲಿ ಸತ್ತಿತು.

ವೈದೇಹಿ ಸೀರೆ ಎತ್ತಿ ಹಿಡಿದು ಒಂದೇ ಉಸಿರಿಗೆ ಓಡಿ ಹಸೆಮಣೆಯ ಮೇಲೆ ಕೂತಳು. ಅವಳ ಕೆದರಿದ ಕೂದಲು ನೋಡಿ ವರ ನಕ್ಕ. ಅವಳೂ ನಕ್ಕಳು. ಅಜ್ಜ ಹಿಂದೆಯೇ ಬಂದು ಕೋಲು ಕುಟ್ಟಿ, "ಫೂ... ಫಫ್ಫೂ... ಫೂ!" ಎಂದು ಗರ್ಜಿಸಿದರು.

"ಹಿರಿಯರ ಆಶೀರ್ವಾದ ಆತು!" ಎಂದರು ಪುರೋಹಿತರು. "ಗಟ್ಟಿಮೇಳ!"

ಹೊರಗೆ ಮಾಸ್ತರರು ಬಾನೆಟ್ಟಿನೊಳಗೆ ತಲೆ ಹಾಕಿ ನನ್ನನ್ನು ಕೂಗಿದರು: "ರಾಯರ, ಇಲ್ಲಿ ಬರ್ರಿ! ಎಷ್ಟು ಕರೆಕ್ಟ್ ಕಚ್ಚ್ಯಾವ ನೋಡ್ರಿ!"

ಊಟಕ್ಕೆ ಕೂತಾಗ ಬಿಂದೂರಾಯರು ಚಕ್ಕುಲಿ ಗಟ್ಟಿಯಾಗಿದೆಯೆಂದು ತಕರಾರು ಮಾಡಲಿಲ್ಲ. ವಿಜ್ಞಾನದಿಂದ ಮನುಷ್ಯರಿಗೆ ಉಪಕಾರವಿಲ್ಲ ಎಂದು ಯಾರು ಹೇಳಿದರು?