ಸತ್ತ ಸವತಿಯ ಕೂಡ ಹೊಳೆಗೆ ಹೋದದ್ದು

ನನ್ನ ಗಂಡನ ಮನೆಯಲ್ಲಿ ಇದ್ದವರಿಗಿಂತ ಸತ್ತವರ ಮರ್ಜಿಯೇ ಹೆಚ್ಚು ನಡೆಯುತ್ತಿತ್ತು. ಹಾಲು ಉಕ್ಕಲಿ, ನಡುಮಧ್ಯಾಹ್ನ ಬಾಗಿಲು ತಾನೇ ಕಿರ್ ಅನ್ನಲಿ, ನಮ್ಮತ್ತೆ ಕೈಮುಗಿದು "ಅಕ್ಕಾ, ತಪ್ಪಾತವ್ವ" ಅನ್ನುತ್ತಿದ್ದರು. ಅಕ್ಕ ಅಂದರೆ ಮಾವನವರ ಮೊದಲ ಹೆಂಡತಿ. ಮದುವೆಯಾದ ವರ್ಷವೇ ತವರಿಗೆ ಹೊರಟು, ಕೃಷ್ಣಾ ಹೊಳೆ ದಾಟುವಾಗ ಹರಗೋಲು ಮಗುಚಿ ಹೋದವಳು. ಹೆಣವೂ ಸಿಗಲಿಲ್ಲ. ಎರಡನೆಯವರಾಗಿ ಬಂದ ಅತ್ತೆ ಆಕೆಯ ಮುಖ ಕಂಡವರೇ ಅಲ್ಲ. ಆದರೂ ಇಪ್ಪತ್ತೈದು ವರ್ಷ, ಮೊದಲ ಎಡೆ ಆಕೆಗಿಡದೆ ಒಂದು ತುತ್ತು ಬಾಯಿಗಿಟ್ಟವರಲ್ಲ.

ನಾನು ಸಿಂಧನೂರಿಗೆ ಸೊಸೆಯಾಗಿ ಬಂದಾಗ ನಿಜಾಮರ ಆಳಿಕೆ. ದೊಡ್ಡ ಯುದ್ಧ ನಡೆದು, ಪೆಟ್ರೋಲ್ ಸಿಗದೆ ಮೋಟಾರುಗಳು ಇದ್ದಲಿ ಸುಟ್ಟುಕೊಂಡು ಓಡುತ್ತಿದ್ದವು. ಮೊದಲ ಸಂಕ್ರಮಣಕ್ಕೆ ಅತ್ತೆ ನನ್ನನ್ನು ಒಲೆಯ ಮುಂದೆ ಕೂಡಿಸಿ ಹೇಳಿದರು:

"ಹೊಳಿಗೆ ಹೋಗೋಣು. ನೀ ಮಾಡಿದ್ದನ್ನ ಅಕ್ಕ ಉಂಡ್ರ ನೀ ಈ ಮನಿ ಸೊಸಿ. ಉಣಲಿಲ್ಲಂದ್ರ ಬರೋ ಸಂಕ್ರಮಣದ ತನಕ ತವರುಮನ್ಯಾಗಿರು."

ನಗುತ್ತ ಹೇಳಿದ ಮಾತಲ್ಲ ಅದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಮೊಸರು ಬುತ್ತಿ, ಎಲ್ಲ ಮಾಡಿದೆ.

ಐದನೆಯ ಜಾಗ

ನಾವು ನಾಲ್ವರು: ಮಾವ, ಅತ್ತೆ, ನನ್ನ ಗಂಡ, ನಾನು. ಅತ್ತೆ ಮೋಟಾರಿನಲ್ಲಿ ಐದು ಜಾಗ ಹಿಡಿದರು. ಹೊರಗೆ ಮಂಜು ಎಷ್ಟಿತ್ತೆಂದರೆ ಅಂಗಡಿಗಳೇ ಕಾಣಿಸುತ್ತಿರಲಿಲ್ಲ. ಕಂಡಕ್ಟರ್ ಸಾಹೇಬ ಖಾಲಿ ಜಾಗ ನೋಡಿ ಕೇಳಿದ:

"ಇದು ಯಾರ್ದ್ರೀ ಅಮ್ಮಾ?"

"ನಮ್ಮ ಅಕ್ಕಂದಪ್ಪ."

"ಎಲ್ಲಿ ಅದಾರ್ರೀ?"

"ತೀರಿಕೊಂಡು ಇಪ್ಪತ್ತೈದು ವರ್ಷ ಆತು. ಈಗ ಕುಂತಾಳ."

ಸಾಹೇಬ ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದು, ಮುಂದೆ ಹೆಂಗಸರು ಕೂಡುವ ಜನಾನಾ ಜಾಗದಿಂದ ಪರದೆ ಬಿಚ್ಚಿ ತಂದು ಆ ಖಾಲಿ ಜಾಗಕ್ಕೆ ಸುತ್ತಲೂ ಕಟ್ಟಿದ. ಮೋಟಾರು ಹೊರಟಿತು. ಕಿಟಕಿ ಮುಚ್ಚಿತ್ತು, ಗಾಳಿ ಇರಲಿಲ್ಲ. ಆದರೂ ಪರದೆ ಒಳಗೆ ಯಾರೋ ಉಸಿರಾಡಿದ ಹಾಗೆ ಉಬ್ಬುತ್ತಿತ್ತು, ತಗ್ಗುತ್ತಿತ್ತು. ದಾರಿಯಲ್ಲಿ ಹತ್ತಿದ ದಪ್ಪನೆಯ ಪಟೇಲರೊಬ್ಬರು ಪರದೆ ಸರಿಸಲು ಕೈ ಹಾಕಿದರು. ಸಾಹೇಬ ಅವರ ಕೈ ಹಿಡಿದುಕೊಂಡ.

"ಹುಜೂರ್, ಒಳಗ ಹೆಣಮಗಳು ಅದಾಳ."

"ಹೌದಾ? ಯಾರ ಪೈಕಿ?"

"ನಿಮ್ಮ ಪೈಕಿನೂ ಅಲ್ಲ, ನಮ್ಮ ಪೈಕಿನೂ ಅಲ್ಲ. ದೇವರ ಪೈಕಿ!"

ಕಲ್ಲಿನೊಳಗಿನ ದನಿ

ಮಸ್ಕಿಯಲ್ಲಿ ಮೋಟಾರು ಇದ್ದಲಿನ ಬೂದಿ ತೆಗೆಯಲು ನಿಂತಿತು. ಬಿಸಿಲು ಬಿದ್ದಿತ್ತು. ನಾಷ್ಟಾ ಮಾಡೋಣವೆಂದು ಗುಡ್ಡದ ಬುಡಕ್ಕೆ ಹೋದೆವು. ಅಲ್ಲಿ ದೊಡ್ಡ ದೊಡ್ಡ ಬಂಡೆಗಳು, ಕೆಳಗೆ ಕತ್ತಲಾದ ಪೊಟರೆ, ನಮಗಾರಿಗೂ ಓದಲು ಬಾರದ ಹಳೆಯ ಅಕ್ಷರ. ಹಕ್ಕಿಯ ಸದ್ದೂ ಇಲ್ಲ. ಅತ್ತೆ ಮುತ್ತಲ ಎಲೆ ಹಾಕಿ, ಎಲ್ಲವನ್ನೂ ಚೂರು ಚೂರು ಬಡಿಸಿ, ಪೊಟರೆಯ ಕಡೆ ತಿರುಗಿ ಕರೆದರು:

"ಅಕ್ಕಾ, ಉಣ್ಣಾಕ ಬಾರವ್ವಾ..."

ಒಳಗಿನಿಂದ ಒಣಗಿದ ದನಿ ಬಂತು: "ಬಂದೆ, ತಡೀರಿ."

ನನ್ನ ಮೈಯ ಕೂದಲೆಲ್ಲ ನಿಂತವು. ಅತ್ತೆ ಕೂತಲ್ಲೇ ಕಲ್ಲಾದರು. ಗಂಡ ನನ್ನ ಸೆರಗು ಹಿಡಿದುಕೊಂಡ. ಮಾವ ಎಲ್ಲಿ ಎಂದು ನೋಡಿದರೆ, ಚಪ್ಪಲಿ ಕೈಯಲ್ಲಿ ಹಿಡಿದು ಆಗಲೇ ಮೋಟಾರಿನ ಹತ್ತಿರ ಮುಟ್ಟಿದ್ದರು. ಪೊಟರೆಯಿಂದ ಮೊದಲು ಒಂದು ಕೋಲು ಬಂತು, ಆಮೇಲೆ ಬಿಳಿ ತಲೆ. ಆಡು ಕಾಯುವ ಮುದುಕಿ, ನೆರಳಿಗೆ ಮಲಗಿದ್ದಳಂತೆ. ಎಲೆಯ ಮುಂದೆ ಕೂತು ಎಲ್ಲ ತಿಂದು, ಬೆರಳು ನೆಕ್ಕಿ, ನಮ್ಮನ್ನು ನೋಡಿ, "ಇಷ್ಟು ಪ್ರೀತಿಲೇ ನಮ್ಮನಿ ಸೊಸಿನೂ ಎಂದೂ ಕರದಿಲ್ಲ" ಎಂದು ಕಣ್ಣೊರೆಸಿಕೊಂಡಳು.

"ಇದು ಲೆಕ್ಕಕ್ಕ ಬರಂಗಿಲ್ಲ" ಅಂದರು ಅತ್ತೆ ನನಗೆ. ಮೋಟಾರಿನ ಕೆಳಗಿನಿಂದ ಮಾವ ಕೂಗಿದರು: "ಅಕಿ ಹೋದಳೋ, ಇನ್ನೂ ಅದಾಳೋ?"

ಲಿಂಗಸೂಗೂರಿನ ಚಹಾ

ಲಿಂಗಸೂಗೂರಿನಲ್ಲಿ ಚಹಾದ ಅಂಗಡಿ. ಅತ್ತೆ ಐದು ಕಪ್ಪು ಹೇಳಿದರು. ಐದನೆಯದನ್ನು ಬೆಂಚಿನ ತುದಿಗಿಟ್ಟು, "ಎಲ್ಲಾರೂ ಕಣ್ಣು ಮುಚ್ಚಿರಿ. ನೋಡಾಕತ್ರ ಅಕ್ಕ ಕುಡ್ಯಂಗಿಲ್ಲ" ಅಂದರು. ಮುಚ್ಚಿದೆವು. ಕತ್ತಲಲ್ಲಿ ಸ್ಪಷ್ಟವಾಗಿ ಕೇಳಿಸಿತು: ಸುರ್ರ್... ಸುರ್ರ್... ಕಣ್ಣು ಬಿಟ್ಟರೆ ಕಪ್ಪು ಖಾಲಿ!

ಅತ್ತೆಯ ಕಣ್ಣಲ್ಲಿ ನೀರು. "ಕುಡದಾಳ! ನಮ್ಮಕ್ಕ ಕುಡದಾಳ!" ನನಗೂ ಜೀವ ಬಂತು. ಆಗ ಅಂಗಡಿಯವನು ಬಂದು ಮಾವನಿಗೆ ಅರಿವೆ ಚೂರು ಕೊಟ್ಟ:

"ಯಜಮಾನ್ರ, ಮೀಸಿ ಒರಸಿಕೊಳ್ರಿ. ಅಕ್ಕಾರು ಕೆನಿ ಅಲ್ಲೇ ಬಿಟ್ಟಾರ."

ಹೊಳೆಯ ದಂಡೆ

ಇನ್ನುಳಿದದ್ದು ಹೊಳೆ ಒಂದೇ. ಹಬ್ಬವೆಂದು ಮೋಟಾರು ಅಂದು ದಂಡೆಯವರೆಗೂ ಹೋಗಿ, ಒಂದು ತಾಸು ನಿಂತು ತಿರುಗುತ್ತಿತ್ತು. ನಾವು ಜನರಿಂದ ದೂರ, ಬಂಡೆಗಳ ಹಿಂದೆ ಹೋದೆವು. ನೀರು ಸದ್ದಿಲ್ಲದೆ ಕರ್ರಗೆ ಹರಿಯುತ್ತಿತ್ತು. "ಇಲ್ಲೇ" ಅಂದರು ಮಾವ. ದಿನದಲ್ಲಿ ಮೊದಲ ಸಲ ಅವರ ದನಿ ಸಣ್ಣದಾಗಿತ್ತು.

ಅತ್ತೆ ಮೊರದಲ್ಲಿ ಹಸಿರು ಸೀರೆ, ಬಳೆ, ನಾನು ಮಾಡಿದ ಅಡಿಗೆ ಇಟ್ಟು ತೇಲಿಬಿಟ್ಟರು. ಮೊರ ಬಂಡೆಯನ್ನು ಬಳಸಿ ಮರೆಯಾಯಿತು. ಮುಳುಗಿತೋ, ತೇಲಿತೋ ತಿಳಿಯಲಿಲ್ಲ. ನಾನು ತವರಿನ ಬಾಗಿಲು ನೆನೆಯುತ್ತ ನಿಂತೆ. ಎಷ್ಟು ಹೊತ್ತೋ. ಆಮೇಲೆ ಅದೇ ಬಂಡೆಯ ಹಿಂದಿನಿಂದ ಒಂದು ಹರಗೋಲು ಸದ್ದಿಲ್ಲದೆ ತಿರುಗುತ್ತ ಬಂತು. ಅದರಲ್ಲಿ ಒಬ್ಬಳೇ ಹೆಂಗಸು. ಹೆಗಲ ಮೇಲೆ ನಮ್ಮ ಹಸಿರು ಸೀರೆ. ಕೈಯಲ್ಲಿ ನನ್ನ ಹೋಳಿಗೆ.

ಅತ್ತೆ ಮರಳಲ್ಲಿ ಅಡ್ಡಬಿದ್ದರು. "ಅಕ್ಕಾ! ಊಟ ಸೇರಿತಾ?"

ಆಕೆ ಹೋಳಿಗೆ ಅಗಿಯುತ್ತ ಅಂದಳು: "ಸೇರಿತವ್ವ. ಯಾರು ಮಾಡ್ಯಾರ?"

"ನಮ್ಮ ಹೊಸಾ ಸೊಸಿ."

"ಚಲೋ ಕೈ ಐತಿ. ಬಿಡಬ್ಯಾಡ್ರಿ ಅಕಿನ್ನ."

ನಾನು ಅತ್ತುಬಿಟ್ಟೆ. ಅತ್ತೆ ಎದ್ದು ಕೂತು, ಇಪ್ಪತ್ತೈದು ವರ್ಷ ಎದೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟರು: "ಅಕ್ಕಾ, ನಿನ್ನ ಗಂಡನ್ನ ನಾ ಇಟ್ಟಕೊಂಡೀನಂತ ಸಿಟ್ಟೈತೇನು? ಇಲ್ಲೇ ಅದಾರ. ಬೇಕಂದ್ರ ಕರಕೊಂಡು ಹೋಗವ್ವ."

ಮಾವ ಬಂಡೆಯನ್ನು ತಬ್ಬಿಕೊಂಡರು. ಹರಗೋಲಿನಾಕೆ ಅವರನ್ನು ತಲೆಯಿಂದ ಕಾಲಿನವರೆಗೆ, ಮತ್ತೆ ಕಾಲಿನಿಂದ ತಲೆಯವರೆಗೆ ನೋಡಿದಳು.

"ಬ್ಯಾಡವ್ವ ಬ್ಯಾಡ. ನನ್ನ ಮನ್ಯಾಗ ಒಬ್ಬಾವ ಅದಾನ. ಅವನ್ನ ಸಾಕೂದ್ರಾಗ ಸಾಕಾಗೇತಿ."

ಹುಟ್ಟು ಹಾಕಿ ತಿರುಗಿದಳು. ಅಂಬಿಗರಾಕೆ ಇರಬೇಕು ಅಂತ ನನ್ನ ಗಂಡ ಪಿಸುಗುಟ್ಟಿದ. ಇರಬೇಕು. ಆದರೆ ನಾನು ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಅಷ್ಟು ಅಗಲದ ಹೊಳೆಯಲ್ಲಿ ಹರಗೋಲೂ ಇರಲಿಲ್ಲ, ಒಂದು ಅಲೆಯೂ ಇರಲಿಲ್ಲ.

ಅತ್ತೆ ಮಾತ್ರ ಹತ್ತು ವರ್ಷ ಚಿಕ್ಕವರಾದವರಂತೆ ಎದ್ದು ಸೀರೆಯ ಮರಳು ಝಾಡಿಸಿದರು. "ಕೇಳಿದ್ರೇನ್ರೀ? ಅಕ್ಕ ಅಲ್ಲಿ ಬ್ಯಾರೆ ಮದಿವಿ ಮಾಡಿಕೊಂಡಾಳ! ಇನ್ನ ನನಗ ಯಾರ ಹಂಗೂ ಇಲ್ಲ."

ಊರಿಗೆ ಬಂದ ಮೇಲೆ ಮಾವ ಮೂರು ದಿನ ತಮ್ಮ ಅಂಗಡಿ ತೆರೆಯಲಿಲ್ಲ, ನೆಟ್ಟಗೆ ಉಣ್ಣಲಿಲ್ಲ. ಯಾರು ಕೇಳಿದರೂ ಒಂದೇ ಮಾತು:

"ಮಾಡಿಕೊಳ್ಳಲಿ, ನಾ ಬ್ಯಾಡ ಅಂತಿದ್ನೇನು? ಆದ್ರ ನನಗೊಂದು ಮಾತು ಹೇಳಬೇಕಿತ್ತೋ ಬ್ಯಾಡೋ?"