ಹೈದರಾಬಾದಿನಲ್ಲಿ ಒಂದು ಏಕಾದಶಿ

ಎಲ್ಲದಕ್ಕೂ ಕಾರಣ, ಆ ವಾರ ಗೂಟದ ಮೇಲೆ ಪಂಚಾಂಗ ಇಲ್ಲದೆ ಹೋದದ್ದು.

ಆದೋನಿಯ ಪೇಟೆ ಹಿಂದಿನ ಓಣಿಯಲ್ಲಿ ಅನಂತಾಚಾರ್ಯರ ಮನೆ. ಅವರ ಪಡಸಾಲೆಯ ಗೋಡೆಗೆ ಎರಡು ವಸ್ತುಗಳು ತೂಗುತ್ತಿದ್ದವು. ಒಂದು ಮಠದಿಂದ ತರಿಸಿದ ಪಂಚಾಂಗ. ಆ ಮನೆಯಲ್ಲಿ ಅದನ್ನು ಕೇಳದೆ ಯಾರೂ ಉಗುರು ಕೂಡ ತೆಗೆಯುತ್ತಿರಲಿಲ್ಲ. ಇನ್ನೊಂದು ಹತ್ತಿ ವ್ಯಾಪಾರಿಯೊಬ್ಬ ಹಂಚಿದ ತೆಲುಗು ಕ್ಯಾಲೆಂಡರು. ಅದರ ಕೆಲಸ ಗೋಡೆಯ ಬಿರುಕು ಮುಚ್ಚುವುದು. ಆಚಾರ್ಯರು ನಾಗಲದಿನ್ನೆಗೆ, ಹೊಳೆ ದಂಡೆಯ ಒಂದು ಮನೆಯಲ್ಲಿ ತಿಥಿ ಮಾಡಿಸಲು ಹೋಗುವಾಗ ಪಂಚಾಂಗವನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಹೆಂಡತಿ ಸಕ್ಕೂಬಾಯಿಗೆ ನೋಡಲು ಉಳಿದದ್ದು ಬಿರುಕಿನ ಕ್ಯಾಲೆಂಡರು ಒಂದೇ.

ಅವಳು ಅದನ್ನು ನೋಡಿದ್ದು ಮಗಳು ತುಳಸಿಗಾಗಿ. ತುಳಸಿ ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದಳು. ವೈಶಾಖದಲ್ಲಿ ದೇವನಕೊಂಡಕ್ಕೆ ಮದುವೆಯಾಗಿ ಹೋಗುವವಳು. ತಮ್ಮ ಮನೆಯ ಸೊಸೆಯರು ಹೊಸ್ತಿಲು ದಾಟುವುದು ಹೆರಿಗೆಗೆ ಮಾತ್ರ ಎಂದು ಆಗಲಿರುವ ಅತ್ತೆ ನಿಶ್ಚಿತಾರ್ಥದ ದಿನ ಹೆಮ್ಮೆಯಿಂದ ಹೇಳಿ ಹೋಗಿದ್ದಳು. ಆ ಹೊಸ್ತಿಲು ಸೇರುವ ಮೊದಲು ತುಳಸಿಗೆ ಒಂದನ್ನು ನೋಡಬೇಕಿತ್ತು. ಅದು ಹೈದರಾಬಾದಿನ ಮ್ಯೂಸಿಯಮ್ಮಿನ ಗಡಿಯಾರ.

ಆ ಗಡಿಯಾರದ ಆಸೆ ಹಚ್ಚಿದವಳು ಪಕ್ಕದ ಮನೆಯ ಜಯಾಬಾಯಿ. ಆರು ವರ್ಷದ ಹಿಂದೆ ಅವಳು ಅದನ್ನು ನೋಡಿ ಬಂದಿದ್ದಳು. ಅಂದಿನಿಂದ ಮಧ್ಯಾಹ್ನ ಬತ್ತಿ ಹೊಸೆಯಲು ಕೂತಾಗಲೆಲ್ಲ ಅದೇ ಪುರಾಣ. ಗಡಿಯಾರದೊಳಗೆ ಗೇಣುದ್ದದ ಬಾಗಿಲು ತೆರೆಯುತ್ತದೆ, ಗಡ್ಡದ ಮನುಷ್ಯನೊಬ್ಬ ಹೊರಗೆ ಬರುತ್ತಾನೆ, ಎಷ್ಟು ಹೊತ್ತಾಗಿದೆಯೋ ಅಷ್ಟು ಸಲ ಗಂಟೆ ಬಾರಿಸಿ ಒಳಗೆ ಹೋಗುತ್ತಾನೆ. ಹನ್ನೆರಡಕ್ಕೆ ನಿಂತರೆ ಹನ್ನೆರಡು ಸಲ ನೋಡಬಹುದು. ಇದನ್ನು ಕೇಳಿ ಕೇಳಿ ತುಳಸಿಗೆ ಆ ಮನುಷ್ಯ ಸ್ವಂತ ಸೋದರಮಾವನಿಗಿಂತ ಹೆಚ್ಚು ಪರಿಚಿತನಾಗಿದ್ದ. ಮದುವೆಗೆ ಮೊದಲು ಒಮ್ಮೆ ನೋಡಬೇಕು ಎಂದು ಅವಳು ತಾಯಿಯನ್ನು ಕೇಳಿದ್ದಳು, ಉಪ್ಪು ತರಲೇ ಎಂದು ಕೇಳುವ ದನಿಯಲ್ಲಿ.

ಸಕ್ಕೂಬಾಯಿ ಇಲ್ಲವೆನ್ನಲಿಲ್ಲ. ಅವಳ ಚಿಂತೆ ಊಟದ್ದು. ಹೊರಗಿನ ಅನ್ನ ಅವಳು ಹುಟ್ಟಿದಾಗಿನಿಂದ ಮುಟ್ಟಿದವಳಲ್ಲ. ಒಂದು ದಿನಕ್ಕೆ ಪರವೂರಿಗೆ ಹೋಗುವುದೆಂದರೆ ಒಲೆ, ಇದ್ದಲು, ಪಾತ್ರೆ, ಮಡಿ ಸೀರೆ, ಕೊನೆಗೆ ಒಂದು ಬಾವಿ ಕೂಡ ಹೊತ್ತುಕೊಂಡು ಹೋಗಬೇಕು. ನಾಲ್ಕು ದಿನ ಯೋಚಿಸಿದ ಮೇಲೆ ಅವಳಿಗೆ ಉಪಾಯ ಹೊಳೆಯಿತು. ಏಕಾದಶಿಯ ದಿನ ಹೋದರೆ? ಅಂದು ಹೇಗೂ ಉಪವಾಸ. ಹೊಟ್ಟೆಯನ್ನೇ ಮನೆಯಲ್ಲಿ ಬಿಟ್ಟು ಹೋದ ಹಾಗೆ. ಕ್ಯಾಲೆಂಡರು ನೋಡಿದಳು. ಏಕಾದಶಿ ಶುಕ್ರವಾರ ಎಂದು ಕೆಂಪು ಅಕ್ಷರದಲ್ಲಿತ್ತು.

"ಯಾರ ಮುಂದೂ ಏಕಾದಶಿ ಅನಬ್ಯಾಡ," ಎಂದು ಮಗಳಿಗೆ ತಾಕೀತು ಮಾಡಿದಳು. "ಹರಿದಿನ ಬಿಟ್ಟು ಊರು ನೋಡಲಿಕ್ಕೆ ಹೋದಳು ಅಂತ ಓಣಿ ತುಂಬ ಆಗ್ತದ."

ಗುರುವಾರ ಮಧ್ಯಾಹ್ನ ಒಂದು ಹೊತ್ತು ಉಂಡರು. ಏಕಾದಶಿಯ ಹಿಂದಿನ ದಿನ ರಾತ್ರಿಯ ಊಟವೂ ಇಲ್ಲ. ಸಂಜೆ ಬಸ್ಸಿಗೆ ಹೊರಟಾಗ ಜಯಾಬಾಯಿ ಅಳತೆಗೆ ಒಂದು ಹಳೆಯ ಬಳೆ ಮತ್ತು ಉಪ್ಪಿನಕಾಯಿಯ ಭರಣಿ ಹಿಡಿದು ಬಂದಳು. ಆ ಅಳತೆಯ ಹೊಸ ಬಳೆ ತನಗೆ ತರಬೇಕು, ಭರಣಿ ಹೈದರಾಬಾದಿನ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ತಮ್ಮ ಕೃಷ್ಣಮೂರ್ತಿಗೆ.

"ಮನಿ ಬಸ್ ಸ್ಟ್ಯಾಂಡಿನ ಮಗ್ಗಲಾಗ ಅದ," ಎಂದಳು. "ದೊಡ್ಡ ಹುಣಸಿ ಗಿಡ, ಅದರ ಎದುರು ಹಸಿರು ಬಾಗಿಲು. ಕುರುಡರು ಹೋದರೂ ಸಿಗ್ತದ."

ಎಮ್ಮಿಗನೂರು, ಕರ್ನೂಲು ದಾಟಿ ಬೆಳಿಗ್ಗೆ ಏಳಕ್ಕೆ ಬಸ್ಸು ಹೈದರಾಬಾದು ಸೇರಿತು. ಇಳಿದ ಕೂಡಲೆ ತುಳಸಿಗೆ ಕಂಡದ್ದು ಸಾಲು ಹೋಟೆಲುಗಳು. ಹೆಂಚಿನ ಮೇಲೆ ದೋಸೆ ಚುಂಯ್ ಎಂದದ್ದು ಅವಳನ್ನೇ ಹೆಸರು ಹಿಡಿದು ಕರೆದಂತಿತ್ತು.

"ಮೂಗಿಗೆ ಸೆರಗು ಹಚ್ಕೊ," ಎಂದಳು ಸಕ್ಕೂಬಾಯಿ. "ವಾಸನಿನೂ ಅರ್ಧ ಊಟ."

ತುಳಸಿ ಸೆರಗು ಹಚ್ಚಿಕೊಂಡಳು. ಒಂದು ಕಂಕುಳಲ್ಲಿ ಭರಣಿ, ಇನ್ನೊಂದು ಕೈಯಲ್ಲಿ ಆದೋನಿಯ ಬಾವಿಯ ನೀರು ತುಂಬಿದ ಹಿತ್ತಾಳೆ ಕೂಜೆ. ಮಗಳಿಗೆ ನೀರಿಗೆ ಮಾತ್ರ ರಿಯಾಯಿತಿ ಕೊಟ್ಟಿದ್ದಳು ತಾಯಿ. ಇಬ್ಬರೂ ಹುಣಸೆ ಮರ ಹುಡುಕುತ್ತ ಹೊರಟರು.

ಹೈದರಾಬಾದಿನವರು ಸಜ್ಜನರು. ಕೇಳಿದ ಒಬ್ಬರೂ ಗೊತ್ತಿಲ್ಲ ಎನ್ನಲಿಲ್ಲ. ಒಬ್ಬ ಎಡಕ್ಕೆ ಕೈ ತೋರಿಸಿದ, ಒಬ್ಬ ಬಲಕ್ಕೆ. ಒಬ್ಬ ಜೊತೆಗೇ ನಡೆದು ಬಂದು ಬೇವಿನ ಮರ ತೋರಿಸಿ ಸಮಾಧಾನ ಹೇಳಿ ಹೋದ. ಎರಡು ತಾಸಾದ ಮೇಲೆ ದಣಿದು ಒಂದು ಕಡೆ ಕೂತಾಗ, ಪಕ್ಕದಲ್ಲಿ ಸೋಡಾ ಮಾರುತ್ತಿದ್ದ ಮುದುಕನನ್ನು ಸಕ್ಕೂಬಾಯಿ ತೆಲುಗಿನಲ್ಲಿ ವಿಚಾರಿಸಿದಳು.

"ಚಿಂತಚೆಟ್ಟಾ? ಅದಿ ಕೊಟ್ಟೇಸಿ ನಾಲುಗೇಳ್ಳಯಿಂದಮ್ಮಾ," ಎಂದ ಅವನು. ಹುಣಸೆ ಮರ ಕಡಿದು ನಾಲ್ಕು ವರ್ಷವಾಗಿತ್ತು. ಅವಳು ಕೂತಿದ್ದ ಬೊಡ್ಡೆಯೇ ಅದು ಎಂದೂ ತಿಳಿಸಿದ.

ಎದುರಿಗೆ ಬಾಗಿಲಿತ್ತು. ಹಸಿರು ಹೋಗಿ ನೀಲಿಯಾಗಿತ್ತು.

ಬಾಗಿಲು ತೆರೆದವಳು ಕೃಷ್ಣಮೂರ್ತಿಯ ಹೆಂಡತಿ ಗಂಗಕ್ಕ. ಗಂಡ ಆಫೀಸಿಗೆ ಹೋಗಿದ್ದ. ಊರ ಕಡೆಯ ಮಾತು ಕೇಳಿ ಎಷ್ಟೋ ದಿನವಾಗಿತ್ತೆಂದು ಅವಳು ಭರಣಿ ಇಸಿದುಕೊಂಡು, ಇಬ್ಬರ ಕೈಯನ್ನೂ ಹಿಡಿದು ಒಳಗೆ ಎಳೆದುಕೊಂಡಳು. ಆಮೇಲೆ ಬಿಡಲಿಲ್ಲ. ಮ್ಯೂಸಿಯಂ ಎಲ್ಲಿ ಎಂದು ಕೇಳಿದರೆ, ಹೊಳೆಯ ಸೇತುವೆ ದಾಟಿದರೆ ಅಲ್ಲೇ ಎಂದಳು. ತಾನು ಬಂದು ಹನ್ನೊಂದು ವರ್ಷವಾದರೂ ಇನ್ನೂ ನೋಡಿಲ್ಲವಂತೆ. ಇಲ್ಲೇ ಇರುವುದನ್ನು ಯಾವಾಗಲಾದರೂ ನೋಡಬಹುದಲ್ಲ ಎಂದು.

ಅಷ್ಟರಲ್ಲಿ ಅಡುಗೆಮನೆಯಿಂದ ಒಗ್ಗರಣೆಯ ಘಮ ಬಂತು. ತುಳಸಿ ನೋಡಿದಳು. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ಪಕ್ಕದಲ್ಲಿ ಅನ್ನದ ತಪ್ಪಲೆ, ಬಿಳಿ ಹಬೆ. ಸಕ್ಕೂಬಾಯಿಯೂ ನೋಡಿದಳು. ಅವಳ ಹುಬ್ಬು ಮೇಲೆ ಹೋಗಿ ಕೂದಲಿಗೆ ತಾಗಿತು. ವೈಷ್ಣವರ ಮನೆ, ಏಕಾದಶಿಯ ದಿನ, ಅನ್ನ.

ಗಂಗಕ್ಕ ಎಲೆ ಹಾಕತೊಡಗಿದಳು. ಸಕ್ಕೂಬಾಯಿಗೆ ಇಕ್ಕಟ್ಟು. ಏಕಾದಶಿ ಎಂದರೆ ಆ ಹೆಣ್ಣುಮಗಳ ಮರ್ಯಾದೆ ಹೋಗುತ್ತದೆ, ತಾವು ಹರಿದಿನ ಊರು ಸುತ್ತುತ್ತಿರುವುದೂ ಬಯಲಾಗುತ್ತದೆ. "ನಮ್ಮದು ಆಗೇದ," ಎಂದುಬಿಟ್ಟಳು.

"ಎಲ್ಲಿ ಆಗೇದರಿ? ಹುಡುಗಿ ಮುಖ ನೋಡ್ರಿ, ಬಾಡಿದ ಬದನಿಕಾಯಿ ಆಗೇದ," ಎಂದಳು ಗಂಗಕ್ಕ. "ಇವತ್ತ ನಾಕು ತುತ್ತು ಹೆಚ್ಚಿಗೇನ ಉಣಬೇಕು. ಕೂಡ್ರಿ."

ತುಳಸಿಯ ಮೊಣಕಾಲು ತಾನಾಗಿಯೇ ಮಡಚಿಕೊಳ್ಳುತ್ತಿತ್ತು. ತಾಯಿ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು. ಉಣ್ಣುವುದಿಲ್ಲ, ಉಣ್ಣಲೇಬೇಕು ಎಂದು ಒಂದು ತಾಸು ಜಗ್ಗಾಡಿದ ಮೇಲೆ, ಗಂಗಕ್ಕ ನಾಲ್ಕು ಶೇಂಗಾ ಉಂಡೆಯನ್ನು ಕಾಗದದಲ್ಲಿ ಕಟ್ಟಿ ತುಳಸಿಯ ಕೈಗೆ ತುರುಕಿ ಬಿಟ್ಟಳು.

ಹೊರಗೆ ಬಂದು ರಿಕ್ಷಾ ಹತ್ತಿದ ಮೇಲೆ ಸಕ್ಕೂಬಾಯಿ ಉಸಿರು ಬಿಟ್ಟಳು.

"ನೋಡಿದ್ಯಾ? ಶಹರಕ್ಕ ಬಂದು ಹನ್ನೊಂದು ವರ್ಷಕ್ಕ ಏಕಾದಶಿ ಮರತಾರ. ಜಯಕ್ಕ ಓಣಿಗೆಲ್ಲ ಆಚಾರ ಹೇಳ್ತಾಳ, ತಮ್ಮನ ಮನ್ಯಾಗ ಹುಳಿ ಕುದೀತದ. ಊರಿಗೆ ಹೋಗಿ ಹೇಳ್ತೀನಿ ತಡಿ."

ಹಸಿವೆಯಲ್ಲೂ ಅವಳ ಮುಖ ತುಂಬಿಕೊಂಡಿತು. ತುಳಸಿ ತೊಡೆಯ ಮೇಲಿನ ಉಂಡೆಯ ಪೊಟ್ಟಣವನ್ನು ನೋಡುತ್ತಿದ್ದಳು. ಹಾಗೆ ನೋಡುತ್ತಿದ್ದರಿಂದಲೇ ರಿಕ್ಷಾ ಸೇತುವೆಯ ಗುಂಡಿಗೆ ಬಿದ್ದಾಗ ಕೂಜೆ ಹಿಡಿಯಲಿಲ್ಲ. ಆದೋನಿಯ ನೀರು ಸೇತುವೆಯ ಮೇಲೆ ಹರಿದು ಹೋಯಿತು.

"ಹೋಗಲಿ ಬಿಡು. ನೀರಿಲ್ಲದ ಉಪವಾಸಕ್ಕ ಪುಣ್ಯ ಹೆಚ್ಚು," ಎಂದಳು ತಾಯಿ.

ಮ್ಯೂಸಿಯಮ್ಮಿನ ಮುಂದೆ ಇಳಿದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ತುಳಸಿಗೆ ಹಸಿವೆ ಮರೆತುಹೋಯಿತು. ಅವಳು ತಾಯಿಯನ್ನು ಹಿಂದೆ ಬಿಟ್ಟು ಓಡಿದಳು, ಬಹುಶಃ ಹತ್ತು ವರ್ಷದಲ್ಲಿ ಮೊದಲ ಸಲ. ಗೇಟಿಗೆ ತೆಂಗಿನಕಾಯಿಯಷ್ಟು ದೊಡ್ಡ ಬೀಗ ಇತ್ತು. ಒಳಗಡೆ ಸ್ಟೂಲಿನ ಮೇಲೆ ಕಾವಲುಗಾರ ಕೂತು ಟ್ರಾನ್ಸಿಸ್ಟರ್ ಕೇಳುತ್ತಿದ್ದ.

"ಆಜ್ ಜುಮ್ಮಾ ಹೈ ಅಮ್ಮಾ. ಶುಕ್ರವಾರಂ ಬಂದ್," ಎಂದ ಅವನು, ಎರಡು ಭಾಷೆಯಲ್ಲಿ, ಸಂಶಯ ಉಳಿಯದಂತೆ.

ಸಕ್ಕೂಬಾಯಿ ಬಂದು ಸರಳಿನ ಸಂದಿಯಿಂದ ಅವನಿಗೆ ಎಲ್ಲವನ್ನೂ ಹೇಳಿದಳು. ಆದೋನಿ, ವೈಶಾಖದ ಮದುವೆ, ದೇವನಕೊಂಡದ ಬೀಗಿತಿ, ಹುಣಸೆ ಮರ. ಅವನು ಟ್ರಾನ್ಸಿಸ್ಟರ್ ಆರಿಸಿ ಕೇಳಿದ, ಕಣ್ಣಲ್ಲಿ ನೀರು ಕೂಡ ತಂದುಕೊಂಡ. ಅವಳು ಮಗಳ ಕೈಯಿಂದ ಉಂಡೆಯ ಪೊಟ್ಟಣ ಕಸಿದು ಅವನಿಗೆ ಕೊಟ್ಟಳು. ಅವನು ಒಂದು ತಿಂದ. ಬೆಲ್ಲ ಚೆನ್ನಾಗಿದೆ ಎಂದ. ಇನ್ನೊಂದು ತಿಂದ. ತುಳಸಿ ಅವನ ಗಂಟಲಿನ ಗುಂಡು ಮೇಲೆ ಕೆಳಗೆ ಹೋಗುವುದನ್ನು ನಾಲ್ಕು ಉಂಡೆಯವರೆಗೂ ನೋಡಿದಳು. ಬೆರಳು ಚೀಪಿ, ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ ಮೇಲೆ, ಬೀಗದ ಕೈ ತನ್ನ ಹತ್ತಿರ ಇರುವುದಿಲ್ಲ ಎಂದು ಬಹಳ ದುಃಖದಿಂದ ತಿಳಿಸಿದ. ನಾಳೆ ಶನಿವಾರ ಬನ್ನಿ, ಹತ್ತಕ್ಕೆ ತೆರೆಯುತ್ತದೆ.

ಆಗ ಒಳಗೆಲ್ಲೋ ಗಂಟೆ ಕೇಳಿಸಿತು. ತುಳಸಿ ಸರಳಿಗೆ ಕಿವಿ ಹಚ್ಚಿದಳು. ಗಡ್ಡದ ಮನುಷ್ಯ ಹೊರಗೆ ಬಂದಿದ್ದ, ಯಾರೂ ಇಲ್ಲದ ಅಂಗಳದಲ್ಲಿ ತನ್ನ ಪಾಡಿಗೆ ತಾನು ಬಾರಿಸುತ್ತಿದ್ದ. ಅವಳು ಹನ್ನೊಂದರವರೆಗೆ ಎಣಿಸಿದಳು. ಹನ್ನೆರಡನೆಯದನ್ನು ಹಿಂದಿನಿಂದ ಬಂದ ಲಾರಿಯ ಹಾರ್ನು ನುಂಗಿತು.

"ಅವ್ವ, ಗಂಗಕ್ಕನ ಮನ್ಯಾಗ ಇದ್ದು, ನಾಳೆ ನೋಡಿಕೊಂಡು ಹೋಗೂಣೇನು?" ಎಂದಳು ಅವಳು. ಆ ದಿನ ಅವಳು ಆಡಿದ ಅತಿ ಉದ್ದದ ಮಾತು ಅದು.

"ನಾಳೆ ದ್ವಾದಶಿ. ಮುಂಜಾನೆ ಹೊತ್ತಿಗೆ ಸರಿಯಾಗಿ ಪಾರಣಿ ಊಟ ಆಗಬೇಕು. ಆ ಹುಳಿ ಮನ್ಯಾಗ ಆಗ್ತದೇನು? ಉಪವಾಸ ಮಾಡಿದ್ದೆಲ್ಲ ನೀರಾಗ ಹೋಮ."

ಅಲ್ಲಿಗೆ ಮುಗಿಯಿತು. ಉಳಿದ ಹೊತ್ತಿನಲ್ಲಿ ಚಾರ್ಮಿನಾರನ್ನು ಕೆಳಗಿನಿಂದ ನೋಡಿದರು. ಹತ್ತಲು ಕಾಲಲ್ಲಿ ಬಲವಿರಲಿಲ್ಲ. ಜಯಾಬಾಯಿಗೆ ಬಳೆ ಕೊಂಡರು. ಸಂಜೆಯ ಬಸ್ಸಿನಲ್ಲಿ ತುಳಸಿ ಗಡಿಯಾರದ ಮನುಷ್ಯನನ್ನು ನೆನೆಯಲು ನೋಡಿದಳು. ಅವನು ಹೊರಗೆ ಬಂದಾಗಲೆಲ್ಲ ಕೈಯಲ್ಲಿ ಅನ್ನದ ಸೌಟು ಹಿಡಿದುಕೊಂಡು ಬರುತ್ತಿದ್ದ.

ಶನಿವಾರ ಬೆಳಗ್ಗೆ ಮನೆ ಸೇರಿದಾಗ ಬಾಗಿಲು ತೆರೆದಿತ್ತು. ನಾಗಲದಿನ್ನೆಯಿಂದ ರಾತ್ರಿಯೇ ಬಂದಿದ್ದ ಆಚಾರ್ಯರು ಹಿತ್ತಲಲ್ಲಿ ಸ್ನಾನಕ್ಕೆ ಕೂತಿದ್ದರು. ತುಳಸಿ ಎರಡು ಬಿಂದಿಗೆ ಸುರಿದುಕೊಂಡು, ಮಡಿಯುಟ್ಟು, ಒಲೆ ಹಚ್ಚಿ ಅನ್ನಕ್ಕಿಟ್ಟಳು. ಗುರುವಾರ ಮಧ್ಯಾಹ್ನದ ಮೇಲೆ ಅವಳ ಹೊಟ್ಟೆ ಏನನ್ನೂ ಕಂಡಿರಲಿಲ್ಲ. ಹಿತ್ತಲಿನ ಅಗಸೆ ಸೊಪ್ಪು ಹರಿದು ತಂದು ಹೆಚ್ಚಿ ಪಲ್ಯ ಮಾಡಿದಳು. ಎಲೆ ಕೂಡ ತೊಳೆದಿಟ್ಟಳು. ಎಸರು ಕುದಿಯುವ ಸದ್ದು ಕೇಳುತ್ತ ಒಲೆಯ ಮುಂದೆ ಕೂತಳು.

ಜಯಾಬಾಯಿ ಬಳೆ ಒಯ್ಯಲು ಬಂದಳು. ಸಕ್ಕೂಬಾಯಿ ಹಿಂದಿನ ದಿನದಿಂದ ಕಾದ ಗಳಿಗೆ ಅದು. ಅವಳು ಸೆರಗು ಸರಿಮಾಡಿಕೊಂಡು ಕೂತಳು.

"ನಿಮ್ಮ ತಮ್ಮನ ಮನಿ ಛಲೋ ಅದರಿ ಜಯಕ್ಕ. ಗಂಗಕ್ಕ ಹುಳಿ ಏನು ಘಮಘಮ ಮಾಡಿದ್ದಳು."

"ಹೌದೇನು? ಹೊಟ್ಟಿ ತುಂಬ ಉಂಡ್ರಿಲ್ಲೊ?"

"ನಾವು ಹ್ಯಾಂಗ ಉಣ್ಣೂಣು? ಶಹರದವರದು ನಡೀತದ. ನಮಗ ಏಕಾದಶಿ ಇರ್ತದಲ್ಲ."

ಜಯಾಬಾಯಿಯ ಬಳೆ ಗೆಣ್ಣಿನ ಹತ್ತಿರ ನಿಂತಿತು. "ಯಾವ ಏಕಾದಶಿ?"

"ಮತ್ತ ನಿನ್ನೀದು."

"ನಿನ್ನೆ ದಶಮಿ, ಸಕ್ಕೂ. ಏಕಾದಶಿ ಇವತ್ತು. ನಾನು ಮುಂಜಾನಿಂದ ನೀರು ಮುಟ್ಟಿಲ್ಲ." ಅವಳು ಅಡುಗೆಮನೆಯ ಕಡೆ ಮೂಗು ತಿರುಗಿಸಿದಳು. "ಅದೇನು, ನಿಮ್ಮ ಮನ್ಯಾಗ ಅನ್ನದ ವಾಸನಿ ಬರ್ಲಿಕ್ಹತ್ತೇದ?"

ಸಕ್ಕೂಬಾಯಿ ಕ್ಯಾಲೆಂಡರಿನ ಕೆಂಪು ಅಕ್ಷರಕ್ಕೆ ಬೆರಳು ತೋರಿಸಿದಳು. ಒದ್ದೆ ಪಂಚೆಯಲ್ಲಿ ಬಂದ ಆಚಾರ್ಯರು ಆ ಬೆರಳನ್ನು ನೋಡಿದರು, ಕ್ಯಾಲೆಂಡರನ್ನು ನೋಡಿದರು. ಆಮೇಲೆ ಪಕ್ಕದ ಗೂಟವನ್ನು ತೋರಿಸಿದರು. ಪಂಚಾಂಗ ರಾತ್ರಿಯೇ ಅಲ್ಲಿಗೆ ಮರಳಿ ಬಂದು ತೂಗುತ್ತಿತ್ತು. ಹಸಿದು ಬಂದವರು ಅಡುಗೆಮನೆ ಬಿಟ್ಟು ಬೇರೆ ಕಡೆ ನೋಡಿರಲಿಲ್ಲ.

"ಅದು ಅಂಗಡ್ಯಾವರ ಏಕಾದಶಿ," ಎಂದರು ಆಚಾರ್ಯರು. "ನಸುಕಿನಾಗ ದಶಮಿ ಒಂದೀಟು ಉಳಿದಿದ್ದರೂ ನಮಗ ಅಂದು ಬರೂದಿಲ್ಲ, ಮರುದಿನ ಮಾಡಬೇಕು. ವರ್ಷದಾಗ ನಾಕು ಸಲ ಹಿಂಗಾಗ್ತದ. ಇಪ್ಪತ್ತೈದು ವರ್ಷ ನನ್ನ ಜೋಡಿ ಮಾಡೀದಿ, ಗೊತ್ತಿಲ್ಲೇನು?"

ಗೊತ್ತಿತ್ತು. ಸಕ್ಕೂಬಾಯಿ ಚಾಚಿದ ಬೆರಳನ್ನು ಮಡಚಿಕೊಂಡಳು.

ಅಡುಗೆಮನೆಯಲ್ಲಿ ಅನ್ನ ಉಕ್ಕಿತು. ಆ ಹೊತ್ತಿಗೆ ಸರಿಯಾಗಿ ಹಾಲು ಹಾಕುವ ಗಾದಿಲಿಂಗಮ್ಮ ಹಿತ್ತಲ ಬಾಗಿಲಿಗೆ ಬಂದಳು. ಅನ್ನವೆಲ್ಲ ಅವಳ ಬೋಗುಣಿಗೆ ಬಿತ್ತು, ಸೊಪ್ಪಿನ ಪಲ್ಯವೂ.

"ಬಿಸೀದು ಐತಲ್ರಿ," ಎಂದಳು ಅವಳು ಬೋಗುಣಿಯನ್ನು ಸೆರಗಿನಲ್ಲಿ ಹಿಡಿದು. "ನಿಮ್ಮ ದೇವರು ಭಾಳ ಒಳ್ಳ್ಯಾವ ಅದಾನ್ರಿ ಅಮ್ಮಾರ. ದಿನಾ ಹಿಂಗ ಮಾಡ್ರಿ."

ಬಿಸಿಲೇರಿತು. ತಾಯಿ ಮಗಳು ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದ್ದರು. ಹನ್ನೆರಡಕ್ಕೆ ಹತ್ತಿ ಮಿಲ್ಲಿನ ಸೈರನ್ನು ಕೂಗಿತು. ಹೈದರಾಬಾದಿನಲ್ಲಿ ಈಗ ಬೀಗ ತೆಗೆದಿರುತ್ತದೆ, ಜನ ತುಂಬಿರುತ್ತಾರೆ, ಗೇಣುದ್ದದ ಬಾಗಿಲು ತೆರೆದಿರುತ್ತದೆ. ತುಳಸಿ ಕಣ್ಣು ಮುಚ್ಚಿ ಎಣಿಸಿದಳು. ಈ ಸಲ ಹನ್ನೆರಡೂ ಸರಿಯಾಗಿ ಬಂದವು.

ಸಕ್ಕೂಬಾಯಿ ಎದ್ದು ಗೂಟದಿಂದ ಪಂಚಾಂಗ ಇಳಿಸಿಕೊಂಡಳು. ಸ್ವಲ್ಪ ಹೊತ್ತು ಹಾಳೆ ತಿರುಗಿಸಿದ ಸದ್ದು ಬಂತು.

"ಮುಂದಿನ ಏಕಾದಶಿ ಆದಿತ್ಯವಾರ ಬಂದದ," ಎಂದಳು ಮೆಲ್ಲಗೆ. "ಅಂದು ತೆರೆದಿರ್ತದ. ಊಟದ ತಾಪತ್ರಯನೂ ಇಲ್ಲ. ಹೋಗೂಣೇನು?"

ತುಳಸಿ ಕಣ್ಣು ತೆರೆಯಲಿಲ್ಲ.

"ನಾಳೆ ಉಂಡು ಹೇಳ್ತೀನಿ, ಅವ್ವ."